ಎಲ್ಲಿಟ್ಟೆ? ನಾನೋ, ನೀನೋ?

ಅಂದು ಬೆಳಿಗ್ಗೆ ನಮ್ಮವರು ತಿಂಡಿ ಮುಗಿಸಿ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೊರಟು ನಿಂತಿದ್ದರು. ಜೇಬು ಮುಟ್ಟಿ ನೋಡಿಕೊಂಡರು. ಮೊಬೈಲ್ ಇಲ್ಲ! “ಎಲ್ಲಿಟ್ಟೆ?” ಎಂದು ಅಡುಗೆ ಮನೆಯತ್ತ ನೋಡಿ ಗದರಿದರು.

ರೀಲರ್‌ಗಳ ಮನೆಯಲ್ಲಿ ಮೊಬೈಲ್ ಕಳೆಯುವುದೆಂದರೆ ಸಣ್ಣ ವಿಷಯವಲ್ಲ. ಹಿಂದೆ ಗೂಡಿನ ಹರಾಜು ಕೂಗಿನಲ್ಲಿ ನಡೆಯುತ್ತಿತ್ತು. ಈಗ ಇ-ಹರಾಜು, ಬೆಲೆ ಹಾಕುವುದು ಮೊಬೈಲ್‌ನಲ್ಲೇ. ಹರಾಜಿನ ಹೊತ್ತು ಮೀರಿದರೆ ಅಂದಿಗೆ ಗೂಡು ಇಲ್ಲ. ಗೂಡಿಲ್ಲದಿದ್ದರೆ ನೂಲು ತೆಗೆಯುವ ಹೆಣ್ಣು ಮಕ್ಕಳಿಗೆ ಕೆಲಸವಿಲ್ಲ, ಕೂಲಿಯೂ ಇಲ್ಲ. ಒಲೆಯ ಮೇಲಿದ್ದ ರೊಟ್ಟಿಯನ್ನು ಹಾಗೆಯೇ ಬಿಟ್ಟು ಓಡಿದೆ. ಹಾಸಿಗೆ ಕೊಡವಿದೆ. ಒಗೆಯುವ ಬಟ್ಟೆಯ ರಾಶಿ ಕೆದಕಿದೆ. ಮಗಳ ಮೊಬೈಲ್‌ನಿಂದ ಕರೆ ಮಾಡಿದೆವು. ಸದ್ದಿಲ್ಲ. ಫಜ್ರ್ ನಮಾಝ್‌ಗೆ ಹೋದಾಗ ಅದನ್ನು ಸೈಲೆಂಟ್ ಮಾಡಿದ್ದು ಆಮೇಲೆ ನೆನಪಾಯಿತು. ಮುಕ್ಕಾಲು ಗಂಟೆ ಕಳೆಯಿತು, ರೊಟ್ಟಿ ಕರಕಲಾಯಿತು, ಮಗನ ಶಾಲೆಯ ಆಟೋ ಹೊರಟು ಹೋಯಿತು. ಕೊನೆಗೆ ಅದು ಸಿಕ್ಕಿದ್ದು ಕಿಟಕಿಯ ಅಂಚಿನಲ್ಲಿ, ಅವರದೇ ಟೋಪಿಯ ಅಡಿಯಲ್ಲಿ. ಮಸೀದಿಯಿಂದ ಬಂದವರು ಮೊಬೈಲ್ ಇಟ್ಟು ಅದರ ಮೇಲೆ ಟೋಪಿ ಕಳಚಿಟ್ಟಿದ್ದರು.

“ಟೋಪಿ ಎತ್ತಿ ನೋಡಬಾರದಿತ್ತೇ?” ಎಂದು ಹೇಳಿ ಅವರು ಹೊರಟೇ ಬಿಟ್ಟರು!

ಕನ್ನಡದಲ್ಲಿ ಈ ‘ಎಲ್ಲಿಟ್ಟೆ’ ಎಂಬ ಮಾತಿಗೊಂದು ತಮಾಷೆಯಿದೆ. ‘ನಾನು ಎಲ್ಲಿಟ್ಟೆ’ ಎಂದರೂ ‘ಎಲ್ಲಿಟ್ಟೆ’ಯೇ, ‘ನೀನು ಎಲ್ಲಿಟ್ಟೆ’ ಎಂದರೂ ‘ಎಲ್ಲಿಟ್ಟೆ’ಯೇ. ಇಟ್ಟವರು ಯಾರು ಎಂಬುದು ಮಾತಿನಲ್ಲಿ ಇಲ್ಲ. ಆದರೆ ನಮ್ಮ ಮನೆಗಳಲ್ಲಿ ಆ ಮಾತು ಬಂದಾಗಲೆಲ್ಲ ಅದರ ಅರ್ಥ ‘ನೀನು’ ಎಂದೇ ಆಗುತ್ತದೆ. ಅಬ್ಬನ ಕನ್ನಡಕ, ಅತ್ತೆಯ ತಸ್ಬೀಹ್, ಮೈದುನನ ಬೈಕ್ ಕೀ, ಮಗಳ ಪೆನ್ಸಿಲ್ ಡಬ್ಬಿ, ಮಗನ ಒಂದು ಕಾಲಿನ ಸಾಕ್ಸ್, ಗ್ಯಾಸ್ ಪುಸ್ತಕ, ಸೂಜಿದಾರ, ಉಗುರು ಕತ್ತರಿ, ಟಿ.ವಿ. ರಿಮೋಟ್. ಇಡುವವರು ಹತ್ತು ಮಂದಿ. ಹುಡುಕುವವಳು ಒಬ್ಬಳೇ. ಸಿಗದಿದ್ದರೆ ಬೈಗುಳವೂ ಅವಳಿಗೇ.

ಮರೆತದ್ದಲ್ಲ, ಗಮನಿಸಲೇ ಇಲ್ಲ

ವಸ್ತು ಇಟ್ಟ ಜಾಗ ಏಕೆ ಮರೆಯುತ್ತದೆ? ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ಡೇನಿಯಲ್ ಶಾಕ್ಟರ್ 2001ರಲ್ಲಿ ನೆನಪಿನ ಏಳು ದೋಷಗಳ ಬಗ್ಗೆ ಒಂದು ಪುಸ್ತಕ ಬರೆದರು. ಅವುಗಳಲ್ಲಿ ಒಂದು ಗೈರುಗಮನ. ಕೈ ಕೀಲಿಯನ್ನು ಇಡುತ್ತಿರುವಾಗ ಮನಸ್ಸು ಬೇರೆಲ್ಲೋ ಇದ್ದರೆ, ಇಟ್ಟ ಜಾಗ ನೆನಪಿನ ಪುಟದಲ್ಲಿ ಸರಿಯಾಗಿ ದಾಖಲಾಗುವುದೇ ಇಲ್ಲ. ಬರೆಯದೇ ಇದ್ದುದನ್ನು ಓದುವುದು ಹೇಗೆ? ಹಾಗಾಗಿ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯುವುದಿಲ್ಲ.

ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದೊಡನೆ ‘ಯಾಕೆ ಬಂದೆ?’ ಎಂದು ಮರೆತು ನಿಲ್ಲುವುದು ನಮಗೆಲ್ಲ ಗೊತ್ತು. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾನಿಲಯದ ಗೇಬ್ರಿಯಲ್ ರಾಡ್ವಾನ್‌ಸ್ಕಿ ಮತ್ತು ಸಂಗಡಿಗರು 2011ರಲ್ಲಿ ಇದನ್ನು ಪರೀಕ್ಷಿಸಿದರು. ಒಂದೇ ಕೋಣೆಯಲ್ಲಿ ಅಷ್ಟೇ ದೂರ ನಡೆದವರಿಗಿಂತ ಬಾಗಿಲು ದಾಟಿ ನಡೆದವರು ಹೆಚ್ಚು ಮರೆತಿದ್ದರು. ಹೊಸ ಕೋಣೆ ಎಂದರೆ ಮನಸ್ಸಿಗೆ ಹೊಸ ಅಧ್ಯಾಯ.

ಈಗ ಮನೆಯೊಡತಿಯ ದಿನವನ್ನು ನೆನಪಿಸಿಕೊಳ್ಳಿ. ಒಲೆಯ ಮೇಲೆ ಹಾಲು, ನಲ್ಲಿಯಲ್ಲಿ ನೀರು, ಮಗುವಿನ ಅಳು, ಅತ್ತೆಯ ಮಾತ್ರೆ, ಬಾಗಿಲಲ್ಲಿ ತರಕಾರಿಯವನು. ದಿನಕ್ಕೆ ನೂರು ಸಲ ಹೊಸ್ತಿಲು ದಾಟುತ್ತಾಳೆ. ಹಾಲು ಉಕ್ಕುವ ಸದ್ದಿಗೆ ಓಡುವಾಗ ಕೈಯಲ್ಲಿದ್ದ ಕತ್ತರಿಯನ್ನು ಎಲ್ಲಿಟ್ಟಳೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅದು ದಡ್ಡತನವಲ್ಲ, ಅಜಾಗರೂಕತೆಯೂ ಅಲ್ಲ. ಒಂದು ತಲೆಯ ಮೇಲೆ ಇಡೀ ಮನೆಯ ಪಟ್ಟಿಯನ್ನು ಹೇರಿದ್ದರ ಫಲ.

ಚನ್ನಪಟ್ಟಣದ ಪಾಠ

ನನ್ನ ತವರು ಚನ್ನಪಟ್ಟಣ. ಆ ಊರಿನ ಬೊಂಬೆಗಳು ನಾಡಿಗೆಲ್ಲ ಗೊತ್ತು. ಆಲೆ ಮರವನ್ನು ಯಂತ್ರದಲ್ಲಿ ತಿರುಗಿಸಿ, ಉಳಿಯಿಂದ ಕೆತ್ತಿ, ಅರಗಿನ ಬಣ್ಣ ಹಚ್ಚುವ ಈ ಕಸುಬಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ನಮ್ಮ ನೆರೆಯಲ್ಲಿ ಹಿರಿಯರೊಬ್ಬರು ಈ ಕೆಲಸ ಮಾಡುತ್ತಿದ್ದರು. ಚಿಕ್ಕವಳಿದ್ದಾಗ ಅವರ ಮುಂದೆ ಕುಳಿತು ನೋಡುತ್ತಿದ್ದೆ. ಅವರ ಕಣ್ಣು ತಿರುಗುವ ಮರದ ಮೇಲೆಯೇ. ಬಲಗೈ ಪಕ್ಕಕ್ಕೆ ಹೋಗುತ್ತದೆ, ಬೇಕಾದ ಉಳಿಯನ್ನೇ ಹಿಡಿದು ಬರುತ್ತದೆ. ಕೆಲಸ ಮುಗಿದರೆ ಉಳಿ ಮತ್ತೆ ಅದೇ ಜಾಗಕ್ಕೆ. ಬಣ್ಣದ ಅರಗಿನ ಕಡ್ಡಿಗಳು ಒಂದು ಕಡೆ, ಹೊಳಪು ಕೊಡುವ ಗರಿ ಇನ್ನೊಂದು ಕಡೆ. ಒಮ್ಮೆ ನಾನು ಆಟಕ್ಕೆಂದು ಒಂದು ಉಳಿಯನ್ನು ತೆಗೆದು ಬೇರೆಡೆ ಇಟ್ಟೆ. ಅವರು ಯಂತ್ರ ನಿಲ್ಲಿಸಿ, “ಮಗಳೇ, ಕಣ್ಣು ಮರ ನೋಡಬೇಕು, ಉಳಿ ಹುಡುಕಬಾರದು” ಎಂದರು.

ಆ ಮಾತಿನ ಬೆಲೆ ತಿಳಿದದ್ದು ನಾನು ಸಂಸಾರಸ್ಥೆಯಾದ ಮೇಲೆ. ಕಸುಬುದಾರ ತನ್ನ ಸಾಮಾನನ್ನು ತಾನೇ ತೆಗೆಯುತ್ತಾನೆ, ತಾನೇ ಇಡುತ್ತಾನೆ. ನಮ್ಮ ರೇಷ್ಮೆ ಬೇಸಿನ್‌ಗಳಲ್ಲೂ ಹಾಗೆಯೇ. ಅಲ್ಲಿ ಇಷ್ಟು ಶಿಸ್ತಿನ ಗಂಡಸರು ಮನೆಯ ಹೊಸ್ತಿಲು ದಾಟಿದೊಡನೆ ಬೆಲ್ಟು ಮಂಚದ ಮೇಲೆ, ಲೆಕ್ಕದ ಪುಸ್ತಕ ಫ್ರಿಜ್ ಮೇಲೆ! ಅಲ್ಲಿ ಹುಡುಕಿ ಕೊಡುವವರು ಯಾರೂ ಇಲ್ಲ, ಇಲ್ಲಿ ಒಬ್ಬಳಿದ್ದಾಳೆ ಎಂಬ ಧೈರ್ಯವಲ್ಲವೇ?

ಅಕ್ಕಿ ಡ್ರಮ್ಮಿನೊಳಗೆ ಓಲೆ

ಹುಡುಕಾಟದಲ್ಲಿ ಹೊತ್ತು ಹಾಳಾಗುವುದಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ನಷ್ಟವೊಂದಿದೆ.

ಕನಕಪುರದಲ್ಲಿ ನನ್ನ ಖಾಲಾ ಒಬ್ಬರಿದ್ದಾರೆ. ಎಪ್ಪತ್ತು ದಾಟಿದವರು. ಒಂದು ದಿನ ಅವರ ಚಿನ್ನದ ಓಲೆ ಕಾಣೆಯಾಯಿತು. ಮನೆಗೆಲಸಕ್ಕೆ ಬರುತ್ತಿದ್ದ ಹುಡುಗಿಯ ಮೇಲೆ ಎಲ್ಲರ ಕಣ್ಣು ಹೋಯಿತು. ಯಾರೂ ಬಾಯಿಬಿಟ್ಟು ಕಳ್ಳಿ ಎನ್ನಲಿಲ್ಲ. ಆದರೆ ಅವಳು ಬಂದಾಗ ಬೀರುವಿಗೆ ಬೀಗ ಬೀಳತೊಡಗಿತು. ಅವಳಿಗೆ ಅರ್ಥವಾಯಿತು. ಮರುವಾರ ಅವಳು ಬರಲಿಲ್ಲ. ಬಳಿಕ ಖಾಲಾರ ಹಣದ ಚೀಲ ಕಾಣೆಯಾಯಿತು. ಈ ಸಲ ಅವರು ಸೊಸೆಯನ್ನೇ ಕೇಳಿದರು. ಮಗ ತಾಯಿ ಮತ್ತು ಹೆಂಡತಿಯ ನಡುವೆ ಸಿಕ್ಕಿ ಒದ್ದಾಡಿದ.

ಎರಡು ತಿಂಗಳ ಬಳಿಕ ಅಕ್ಕಿ ಡ್ರಮ್ಮು ತಳ ಕಂಡಾಗ ಓಲೆ ಮತ್ತು ಹಣ ಎರಡೂ ಒಂದೇ ಬಟ್ಟೆಯ ಗಂಟಿನಲ್ಲಿ ಸಿಕ್ಕಿದವು. ಇಟ್ಟದ್ದು ಖಾಲಾ ಅವರೇ. ಆದರೆ ತೋರಿಸಿದಾಗಲೂ ಅವರಿಗೆ ಅದು ನೆನಪಿಗೆ ಬರಲಿಲ್ಲ. ಆಗ ಸೊಸೆಗೆ ಅನುಮಾನ ಬಂತು. ಮಾವನ ಮೇಲೆ, ಮಕ್ಕಳ ಮೇಲೆ ಅಲ್ಲ, ಕಾಯಿಲೆಯ ಮೇಲೆ. ಬೆಂಗಳೂರಿಗೆ ಕರೆದೊಯ್ದು ವೈದ್ಯರಿಗೆ ತೋರಿಸಿದರು. ಅದು ಮರೆಗುಳಿತನದ ಆರಂಭ ಎಂದು ಗೊತ್ತಾಯಿತು. ಯಾರ ಮೇಲೆ ಕಳ್ಳತನದ ಮಾತು ಬಂತೋ, ಆ ಸೊಸೆಯೇ ಇಂದು ಅವರಿಗೆ ಊಟ ಮಾಡಿಸುತ್ತಾಳೆ. ಕೆಲಸದ ಹುಡುಗಿಯ ಮನೆಗೂ ಹೋಗಿ ಕ್ಷಮೆ ಕೇಳಿ ಬಂದಳು. ಆ ಹುಡುಗಿ ಕ್ಷಮಿಸಿದಳು, ಆದರೆ ಕೆಲಸಕ್ಕೆ ಮರಳಲಿಲ್ಲ.

ಪವಿತ್ರ ಕುರ್‌ಆನಿನ ‘ಅಲ್ ಹುಜುರಾತ್’ ಅಧ್ಯಾಯದ 12ನೇ ವಚನ ಗುಮಾನಿಯಿಂದ ದೂರವಿರಬೇಕೆಂದು, ಕೆಲವು ಗುಮಾನಿಗಳು ಪಾಪವೆಂದು ಎಚ್ಚರಿಸುತ್ತದೆ. ನಾವು ಅದನ್ನು ಎಷ್ಟೋ ಸಲ ಓದಿದ್ದೇವೆ. ಆದರೆ ಓಲೆ ಕಾಣದಿದ್ದಾಗ ಅದು ನೆನಪಾಗುತ್ತದೆಯೇ? ಕಳೆದ ಓಲೆ ಸಿಗಬಹುದು. ಬಡವರ ಹುಡುಗಿಯ ಮೇಲೆ ಹೊರಿಸಿದ ಹೆಸರನ್ನು ಅಳಿಸುವುದು ಸುಲಭವಲ್ಲ.

ಯಾವಾಗ ವೈದ್ಯರನ್ನು ಕಾಣಬೇಕು?

ಕೀಲಿ ಎಲ್ಲಿಟ್ಟೆನೆಂದು ಮರೆತು, ಹಿಂದಿನ ಹೆಜ್ಜೆಗಳನ್ನು ನೆನೆದು ಹುಡುಕಿಕೊಳ್ಳುವುದು ಸಾಮಾನ್ಯ. ಕನ್ನಡಕವನ್ನು ಫ್ರಿಜ್‌ನಲ್ಲಿ, ಹಣವನ್ನು ಹಿಟ್ಟಿನ ಡಬ್ಬಿಯಲ್ಲಿ ಇಡುವುದು, ಇಟ್ಟ ನೆನಪೇ ಬಾರದಿರುವುದು, ಮತ್ತೆ ಮತ್ತೆ ‘ಕದ್ದರು’ ಎನ್ನುವುದು, ತಿಳಿದ ದಾರಿ ತಪ್ಪುವುದು, ದಿನದ ಅಡುಗೆಯ ಕ್ರಮವೇ ಮರೆಯುವುದು ಬೇರೆ. ಹಿರಿಯರಲ್ಲಿ ಇಂತಹ ಬದಲಾವಣೆ ಕಂಡರೆ ಜಗಳವಾಡದೆ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ತಪಾಸಣೆ, ಸಲಹೆ ಎರಡೂ ಸಿಗುತ್ತವೆ.

ಚಿಕ್ಕ ವಯಸ್ಸಿನವರಲ್ಲಿ ಮರೆವು ಹೆಚ್ಚಿದರೆ ಹೆದರಬೇಡಿ, ಆದರೆ ಅಲಕ್ಷಿಸಲೂ ಬೇಡಿ. ಥೈರಾಯ್ಡ್ ಕೊರತೆ, ಬಿ-12 ವಿಟಮಿನ್ ಕೊರತೆ, ನಿದ್ದೆಗೇಡು, ಮನಸ್ಸಿನ ಖಿನ್ನತೆ ಇವೆಲ್ಲ ನೆನಪನ್ನು ಮಂಕಾಗಿಸುತ್ತವೆ. ಇವುಗಳಿಗೆ ಚಿಕಿತ್ಸೆಯಿದೆ. ಬಾಣಂತಿಯರಿಗೂ ಮುಟ್ಟು ನಿಲ್ಲುವ ವಯಸ್ಸಿನವರಿಗೂ ಇದು ಕೆಲಕಾಲ ಕಾಡುವುದುಂಟು. ‘ನಿನಗೆ ತಲೆ ಇಲ್ಲ’ ಎನ್ನುವ ಮೊದಲು ‘ನಿನ್ನೆ ರಾತ್ರಿ ಎಷ್ಟು ಗಂಟೆ ಮಲಗಿದೆ?’ ಎಂದು ಕೇಳುವ ಗಂಡಂದಿರು ಹೆಚ್ಚಬೇಕು.

ಭದ್ರವಾಗಿಟ್ಟದ್ದೇ ಮಾಯ!

ಮಾಗಡಿಯಲ್ಲಿರುವ ನಮ್ಮ ಫೂಫಿಯ ಕಥೆ ಇನ್ನೊಂದು ಬಗೆಯದು. ಅವರು ವಿಧವೆ. ಮಗಳ ನರ್ಸಿಂಗ್ ಓದಿಗೆ ಸಾಲ ಪಡೆಯಲು ಮನೆಯ ಕ್ರಯಪತ್ರ ಬೇಕಾಯಿತು. “ಭದ್ರವಾಗಿ ಇಟ್ಟಿದ್ದೇನೆ” ಎನ್ನುತ್ತಿದ್ದರು. ಎಲ್ಲಿ ಎಂಬುದು ಮಾತ್ರ ನೆನಪಿಲ್ಲ. ಟ್ರಂಕು, ಬೀರು, ಅಟ್ಟ ಎಲ್ಲ ಹುಡುಕಿದ್ದಾಯಿತು. ಕಾಲೇಜಿಗೆ ಹಣ ಕಟ್ಟುವ ಕೊನೆಯ ದಿನ ಹತ್ತಿರ ಬಂತು. ಕಡೆಗೆ ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿದರು. ನೋಂದಣಿ ಸಂಖ್ಯೆ, ವರ್ಷ ಎರಡೂ ಗೊತ್ತಿರಲಿಲ್ಲವಾದ್ದರಿಂದ ಅದಕ್ಕೂ ಓಡಾಟ. ಮೂಲ ಪತ್ರ ಮರುವರ್ಷ ಸಿಕ್ಕಿತು, ಅವರ ನಿಕಾಹ್‌ನ ಸೀರೆಯ ಮಡಿಕೆಯೊಳಗೆ.

ಇದು ಫೂಫಿಯ ಕಥೆ ಮಾತ್ರವಲ್ಲ. ಯೂಜೀನ್ ವಿನೊಗ್ರಾಡ್ ಮತ್ತು ರಾಬರ್ಟ್ ಸೊಲೊವೇ ಎಂಬ ಅಮೆರಿಕದ ಸಂಶೋಧಕರು 1986ರಲ್ಲೇ ಇದನ್ನು ತೋರಿಸಿದ್ದಾರೆ. ಯಾರಿಗೂ ಹೊಳೆಯದ ವಿಶೇಷ ಜಾಗದಲ್ಲಿ ಇಟ್ಟರೆ ಚೆನ್ನಾಗಿ ನೆನಪಿರುತ್ತದೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅಂತಹ ಜಾಗವೇ ಹೆಚ್ಚು ಮರೆಯುತ್ತದೆ. ಕಳ್ಳನಿಗೆ ಹೊಳೆಯದ ಜಾಗ ನಮಗೂ ಹೊಳೆಯುವುದಿಲ್ಲ!

ನಮ್ಮ ನಾಲ್ಕು ತಾಲೂಕುಗಳವರಿಗೆ ಕಾಗದದ ಗೊಂದಲ ಇನ್ನೂ ಒಂದು ಕೈ ಹೆಚ್ಚು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಹಿಂದೆ ಬೆಂಗಳೂರು ಜಿಲ್ಲೆಯಲ್ಲಿದ್ದವು. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಯಿತು. ಅಜ್ಜಂದಿರ ಕಾಗದಗಳಲ್ಲಿ ರಾಮನಗರದ ಹಳೆಯ ಹೆಸರು ‘ಕ್ಲೋಸ್‌ಪೇಟೆ’ಯೂ ಇರುತ್ತದೆ. ‘ಇದು ನಮ್ಮದಲ್ಲ’ ಎಂದು ಹಳೆಯ ಕಾಗದವನ್ನು ರದ್ದಿಗೆ ಹಾಕುವ ಮೊದಲು ಓದಿ ನೋಡಿ, ಓದಲು ಬರದಿದ್ದರೆ ಓದಿಸಿ.

ಇಂದು ಹೆಣ್ಣು ಮಕ್ಕಳಿಗೇ ಕಾಗದದ ಅಗತ್ಯ ಹೆಚ್ಚು. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ಎಷ್ಟು ಸಹೋದರಿಯರು ಪಡಿತರ ಚೀಟಿ, ಬ್ಯಾಂಕ್ ಪುಸ್ತಕಕ್ಕಾಗಿ ಮನೆಯನ್ನು ತಲೆಕೆಳಗು ಮಾಡಲಿಲ್ಲ! ಇವನ್ನು ಗಮನಿಸಿ:

• ಕ್ರಯಪತ್ರ, ನಿಕಾಹ್‌ನಾಮ, ಜನನ-ಮರಣ ಪತ್ರ, ಅಂಕಪಟ್ಟಿ, ಪಡಿತರ ಚೀಟಿ, ವಿಮೆಯ ಕಾಗದ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರಲಿ. ಜಾಗ ಕನಿಷ್ಠ ಇಬ್ಬರಿಗೆ ಗೊತ್ತಿರಲಿ.

• ಪ್ರತಿಯೊಂದರ ಸಂಖ್ಯೆ, ದಿನಾಂಕ, ಕೊಟ್ಟ ಕಚೇರಿಯ ಹೆಸರನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದು ಬೇರೆಡೆ ಇಡಿ. ಮೂಲ ಕಳೆದರೆ ನಕಲು ಪಡೆಯಲು ಈ ಒಂದು ಸಾಲೇ ಸಾಕು. ಎರಡು ಪ್ರತಿ ಜೆರಾಕ್ಸ್ ಮಾಡಿಸಿಡಿ.

• 2015ರಿಂದ ಇರುವ ಸರಕಾರದ ಡಿಜಿಲಾಕರ್‌ನಲ್ಲಿ ಆಧಾರ್ ಮೊದಲಾದ ದಾಖಲೆಗಳನ್ನು ಮೊಬೈಲ್‌ನಲ್ಲೇ ಇಟ್ಟುಕೊಳ್ಳಬಹುದು. ಆಧಾರ್ ಕುರಿತ ಸಹಾಯವಾಣಿ 1947.

• ಕಾಗದಪತ್ರ ಕಳೆದರೆ ರಾಜ್ಯ ಪೊಲೀಸ್ ಇಲಾಖೆಯ ‘ಇ-ಲಾಸ್ಟ್’ ಸೇವೆಯಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಮೊಬೈಲ್ ಕಳೆದರೆ ಪೊಲೀಸ್ ದೂರಿನೊಂದಿಗೆ ಕೇಂದ್ರ ಸರಕಾರದ ‘ಸಂಚಾರ್ ಸಾಥಿ’ಯಲ್ಲಿ ಅದನ್ನು ತಡೆಹಿಡಿಯಬಹುದು. ಇದಕ್ಕೆ ಮೊಬೈಲ್‌ನ ಐ.ಎಂ.ಇ.ಐ. ಸಂಖ್ಯೆ ಬೇಕು. ಅದನ್ನೂ ನೋಟ್ ಪುಸ್ತಕದಲ್ಲಿ ಬರೆದಿಡಿ.

ಹುಡುಕುವುದು ಹೇಗೆ?

ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವರನ್ನು ನೋಡಿದ್ದೀರಾ? ಬಿಸಿನೀರಿನಲ್ಲಿ ಗೂಡು ಹದವಾಗಿ ಬೆಂದ ಮೇಲೆ ನಿಧಾನವಾಗಿ ಎಳೆಯ ತುದಿ ಹುಡುಕುತ್ತಾರೆ. ಅವಸರದಿಂದ ಎಳೆದರೆ ಎಳೆ ಕಡಿಯುತ್ತದೆ. ಹುಡುಕಾಟವೂ ಹಾಗೆಯೇ. ಸಿಟ್ಟಿನಲ್ಲಿದ್ದಾಗ ಕಣ್ಣೆದುರಿನದೂ ಕಾಣುವುದಿಲ್ಲ. ಮೊದಲು ಎರಡು ನಿಮಿಷ ಕುಳಿತು ನೀರು ಕುಡಿಯಿರಿ.

ನಂತರ ಕೊನೆಯದಾಗಿ ಅದನ್ನು ಹಿಡಿದಿದ್ದ ಜಾಗಕ್ಕೆ ಹೋಗಿ ನಿಲ್ಲಿ. ಬ್ರಿಟನ್ನಿನ ಗಾಡನ್ ಮತ್ತು ಬ್ಯಾಡ್ಲಿ 1975ರಲ್ಲಿ ಮುಳುಗುಗಾರರ ಮೇಲೆ ಪ್ರಯೋಗ ನಡೆಸಿದರು. ನೀರಿನೊಳಗೆ ಕಲಿತ ಪದಗಳು ಅವರಿಗೆ ದಡದಲ್ಲಿಗಿಂತ ನೀರಿನೊಳಗೇ ಚೆನ್ನಾಗಿ ನೆನಪಾದವು. ಇಟ್ಟ ಜಾಗದ ನೆನಪೂ ಆ ಜಾಗದಲ್ಲೇ ಮರಳುತ್ತದೆ. ಹುಡುಕುವಾಗ ವಸ್ತುವಿನ ಹೆಸರನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ಹೆಸರು ಹೇಳಿಕೊಂಡವರಿಗೆ, ಅದರಲ್ಲೂ ಚೆನ್ನಾಗಿ ಪರಿಚಿತವಾದ ವಸ್ತುಗಳು, ಬೇಗ ಕಣ್ಣಿಗೆ ಬೀಳುತ್ತವೆ ಎಂದು 2012ರ ಒಂದು ಅಧ್ಯಯನ ಹೇಳಿದೆ. ಅಜ್ಜಿಯರು ‘ಕತ್ತರಿ, ಕತ್ತರಿ’ ಎಂದು ಗೊಣಗುತ್ತಾ ಹುಡುಕುತ್ತಿದ್ದುದು ಸುಮ್ಮನೆ ಅಲ್ಲ! ಕೊನೆಯದಾಗಿ, ಮೇಲಿರುವ ವಸ್ತುವನ್ನು ಎತ್ತಿ ನೋಡಿ. ಟೋಪಿಯ ಪಾಠ ನಾನು ಮರೆತಿಲ್ಲ.

ಹಾರ ಕಳೆದ ದಿನ

ಹಝ್ರತ್ ಆಯಿಶಾ(ರ)ರ ಹಾರ ಕಳೆದ ಘಟನೆ ನಮಗೆಲ್ಲ ತಿಳಿದದ್ದೇ. ಪ್ರಯಾಣದ ನಡುವೆ ಅವರ ಹಾರ ಕಾಣೆಯಾಯಿತು. ಪ್ರವಾದಿವರ್ಯರು(ಸ) ಅದನ್ನು ಹುಡುಕಲು ಅಲ್ಲಿಯೇ ತಂಗಿದರು. ಜೊತೆಗಿದ್ದ ಜನರೂ ತಂಗಿದರು. ಅಲ್ಲಿ ನೀರಿರಲಿಲ್ಲ. ಜನರು ದೂರಿದರು. ತಂದೆ ಅಬೂಬಕರ್(ರ) ಮಗಳನ್ನು ಗದರಿದರು. ಆದರೆ ಪ್ರವಾದಿವರ್ಯರು(ಸ) ಗದರಿದರೆಂಬ ಮಾತು ಆ ವರದಿಯಲ್ಲಿಲ್ಲ. ಆ ಸಂದರ್ಭದಲ್ಲೇ ತಯಮ್ಮುಮ್‌ನ ವಚನ ಅವತೀರ್ಣವಾಯಿತು. ಕೊನೆಗೆ ಅವರ ಒಂಟೆ ಎದ್ದಾಗ ಹಾರ ಅದರ ಅಡಿಯಲ್ಲೇ ಸಿಕ್ಕಿತು.

ಈ ಘಟನೆಯನ್ನು ನಾವು ತಯಮ್ಮುಮ್‌ನ ಪಾಠದಲ್ಲಿ ಓದುತ್ತೇವೆ. ಅದರೊಳಗೆ ಮನೆವಾರ್ತೆಯ ಪಾಠವೂ ಇದೆಯಲ್ಲವೇ? ಕಳೆದದ್ದು ಒಬ್ಬ ಹೆಣ್ಣುಮಗಳ ಹಾರ. ಹುಡುಕಿದ್ದು ಅವಳೊಬ್ಬಳೇ ಅಲ್ಲ.

ಎಲ್ಲರ ಕೆಲಸ

ಆ ಮೊಬೈಲ್ ಪ್ರಕರಣದ ಬಳಿಕ ನಮ್ಮ ಮನೆಯಲ್ಲಿ ಒಂದು ಸಣ್ಣ ಬದಲಾವಣೆಯಾಯಿತು. ಚನ್ನಪಟ್ಟಣದಿಂದ ಬಣ್ಣದ ಕೊಕ್ಕೆಗಳಿರುವ ಒಂದು ಮರದ ಹಲಗೆ ತಂದು ಬಾಗಿಲ ಪಕ್ಕ ಹೊಡೆಸಿದೆ. ಕೆಂಪು ಕೊಕ್ಕೆ ಅವರದು, ಹಳದಿ ಮಗನದು, ಹಸಿರು ಮಗಳದು, ನೀಲಿ ನನ್ನದು. ಕೆಳಗೊಂದು ಬುಟ್ಟಿ, ಮೊಬೈಲ್ ಮತ್ತು ಕನ್ನಡಕಕ್ಕೆ. ಮಲಗುವ ಮೊದಲು ಐದು ನಿಮಿಷ ಪ್ರತಿಯೊಬ್ಬರೂ ತಮ್ಮ ತಮ್ಮ ವಸ್ತುಗಳನ್ನು ಜಾಗಕ್ಕೆ ಸೇರಿಸಬೇಕು. ಬೇರೆಯವರ ವಸ್ತುವನ್ನು ಸರಿಸಿದವರು ಹೇಳಿಯೇ ಸರಿಸಬೇಕು. ಒಂದು ವಸ್ತು ಕಳೆದರೆ ಮೊದಲು ಇಟ್ಟವರೇ ಹುಡುಕಬೇಕು. ಸಿಗದಿದ್ದರೆ ಎಲ್ಲರೂ ಸೇರಬೇಕು. ಸಿಗುವವರೆಗೆ ಯಾರ ಹೆಸರನ್ನೂ ಎತ್ತಬಾರದು.

ಮೊದಲ ವಾರ ಮಗ ಮೂರು ದಿನ ಮರೆತ. ನಾನು ಹುಡುಕಿ ಕೊಡಲಿಲ್ಲ. ಒಂದು ದಿನ ಎರಡು ಬಣ್ಣದ ಸಾಕ್ಸ್ ಹಾಕಿಕೊಂಡು ಶಾಲೆಗೆ ಹೋದ. ತಾಯಿಯ ಮನಸ್ಸು ತಡೆಯದು, ಆದರೂ ತಡೆದೆ. ನಾಲ್ಕನೆಯ ದಿನದಿಂದ ಅವನಿಗೆ ಜಾಗ ಗೊತ್ತಾಯಿತು. ನಾಳೆ ಅವನೂ ಒಂದು ಮನೆಯ ಗಂಡನಾಗುವವನು. ಅವನ ಹೆಂಡತಿಗೆ ನಾನು ಈಗಲೇ ಕೊಡಬಹುದಾದ ಉಡುಗೊರೆ ಇದು.

ಈಗಲೂ ವಸ್ತುಗಳು ಕಳೆಯುತ್ತವೆ. ಮೊನ್ನೆ ನಮ್ಮವರ ಕನ್ನಡಕ ಕಾಣಲಿಲ್ಲ. “ಎಲ್ಲಿಟ್ಟೆ?” ಎಂಬ ಧ್ವನಿ ಕೇಳಿತು. ನಾನು ಒಲೆ ಆರಿಸಲು ಕೈ ಚಾಚಿದೆ. ಅಷ್ಟರಲ್ಲಿ ಅವರು, “ನೀನು ಬರಬೇಡ, ರೊಟ್ಟಿ ನೋಡಿಕೋ. ನಾನು ಎಲ್ಲಿಟ್ಟೆ ಅಂತ ನನ್ನನ್ನೇ ಕೇಳಿಕೊಂಡೆ” ಎಂದರು.

ಅಂದು ರೊಟ್ಟಿ ಕರಕಲಾಗಲಿಲ್ಲ.